ಶುಂಠಿ ಕಿತ್ತ ಗದ್ದೆಯಲ್ಲಿ ಮತ್ತೆ ನೀರು ನಿಲ್ಲಿಸಿದ ಕೆಲಸ

ಸಕಲೇಶಪುರ ತಾಲ್ಲೂಕಿನಲ್ಲಿ ಹಳ್ಳದ ಪಕ್ಕ ನಮ್ಮದೊಂದು ಹತ್ತು ಗುಂಟೆ ಗದ್ದೆ ಇದೆ. ಮೂರು ಕಡೆ ಕಾಫಿ ತೋಟದ ಇಳಿಜಾರು, ಒಂದು ಕಡೆ ಹಳ್ಳ. ಕೆಲವು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆವು. ಶುಂಠಿ ಕಿತ್ತ ಮೇಲೆ ಭತ್ತ ನೆಡೋಣ ಅಂತ ನೀರು ಕಟ್ಟಿದರೆ, ಸಂಜೆ ತುಂಬಿದ ಗದ್ದೆ ಬೆಳಗಾಗುವಷ್ಟರಲ್ಲಿ ಬರಿದು. ಆಲೂರು, ಬೇಲೂರು, ಸಕಲೇಶಪುರದ ಕಡೆ ಇಂಥ ಗದ್ದೆಗಳು ಬೇಕಾದಷ್ಟಿವೆ. ‘ಇನ್ನು ಅದು ಗದ್ದೆ ಅಲ್ಲ, ಅಡಿಕೆ ಹಾಕಿ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಕೆಟ್ಟ ಗದ್ದೆಯನ್ನು ರಿಪೇರಿ ಮಾಡಬಹುದು. ಹೇಗೆ ಮಾಡಿದೆವು ಅನ್ನೋದನ್ನು ಅಳತೆ ಸಮೇತ ಬರೆದಿದ್ದೇನೆ.

ಮೊದಲು ಕೆಟ್ಟಿದ್ದು ಏನು ಅಂತ ನೋಡಬೇಕು. ಶುಂಠಿ ಮತ್ತು ಭತ್ತ ಮಣ್ಣಿನಿಂದ ಕೇಳೋದು ಪೂರಾ ಉಲ್ಟಾ. ಶುಂಠಿಯ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಏರುಮಡಿ ಮಾಡಿ, ಮಧ್ಯೆ ಮಧ್ಯೆ ಕಾಲುವೆ ತೋಡಿ, ಬಿದ್ದ ಮಳೆಯನ್ನೆಲ್ಲ ಹೊರಗೆ ಹಾಕುತ್ತಾರೆ. ಭತ್ತಕ್ಕೆ ನೀರು ನಿಲ್ಲಬೇಕು. ಬೇರೆ ಹೆಚ್ಚಿನ ಬೆಳೆಗಳ ಬೇರು ನೀರಿನಡಿ ಉಸಿರು ಕಟ್ಟಿ ಸಾಯುತ್ತದೆ. ಭತ್ತದ ಎಲೆಯಿಂದ ಕಾಂಡದ ಮೂಲಕ ಬೇರಿನವರೆಗೂ ಗಾಳಿ ಇಳಿಯೋ ಸಣ್ಣ ಸಣ್ಣ ಕೊಳವೆಗಳಿವೆ. ಹಾಗಾಗಿ ಅದು ಕೆಸರಲ್ಲಿ ಬದುಕುತ್ತೆ, ಹೆಚ್ಚಿನ ಕಳೆ ಬದುಕಲ್ಲ. ನೀರು ನಿಲ್ಲಿಸೋದರ ದೊಡ್ಡ ಲಾಭ ಅದು.

ನೀರು ನಿಲ್ಲೋದು ಯಾವುದರ ಮೇಲೆ? ಗದ್ದೆಯ ಮೇಲಿನ ಆರೇಳು ಇಂಚು ಮೆತ್ತನೆ ಕೆಸರು. ಅದರ ಕೆಳಗೆ ಎರಡು ಮೂರು ಇಂಚು ದಪ್ಪದ ಗಟ್ಟಿ ಪದರ ಇರುತ್ತದೆ. ಅದು ಸುಮ್ನೆ ಬಂದದ್ದಲ್ಲ. ಎಷ್ಟೋ ತಲೆಮಾರು ಕೆಸರು ಉತ್ತು, ಎತ್ತು ಮತ್ತು ಆಳು ತುಳಿದು ತುಳಿದು ಆದದ್ದು. ಹಾರೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಮೇಲಿನ ಮಣ್ಣಲ್ಲಿ ಸಲೀಸಾಗಿ ಇಳಿದ ಹಾರೆ ಅಲ್ಲಿಗೆ ಬಂದಾಗ ಠಕ್ ಅಂತ ನಿಲ್ಲುತ್ತೆ. ನಮ್ಮ ಗದ್ದೆಯಲ್ಲಿ ಶುಂಠಿ ಕಾಲುವೆ ಎರಡು ಅಡಿ ಆಳ ಇತ್ತು. ಅಂದರೆ ಅಷ್ಟು ಉದ್ದಕ್ಕೂ ಗಟ್ಟಿ ಪದರ ಕತ್ತರಿಸಿ ಹೋಗಿತ್ತು. ಸಾಲದ್ದಕ್ಕೆ ನೀರು ಹಳ್ಳಕ್ಕೆ ಬಿಡೋಕೆ ಕೆಳಗಿನ ಬದುವನ್ನು ಮೂರು ಕಡೆ ಕಡಿದು, ಆಮೇಲೆ ಸಡಿಲ ಮಣ್ಣು ತುಂಬಿ ಬಿಟ್ಟಿದ್ದರು.

ನಮ್ಮ ದೊಡ್ಡಪ್ಪ ಗದ್ದೆ ಸುತ್ತಿ ಬಂದು, ‘ಮಗಾ, ನೀರು ಎಲ್ಲಿ ಹೋಗ್ತಿದೆ ಅಂತ ಮೊದ್ಲು ನೋಡು. ಗುದ್ದಲಿ ಆಮೇಲೆ ಹಿಡಿಯುವಂತೆ’ ಅಂದರು. ಅದನ್ನು ಅಳೆಯೋಕೆ ಒಂದು ಸರಳ ದಾರಿ ಇದೆ.

ಸೋರಿಕೆಯ ಅಳತೆ

ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ, ಹಳ್ಳದ ನೀರು ತಿರುಗಿಸಿ ಗದ್ದೆ ತುಂಬಿಸಿದೆವು. ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ತಳ ಮತ್ತು ಮೇಲ್ಭಾಗ ಕತ್ತರಿಸಿ ಎರಡು ಬಳೆ ಮಾಡಿದೆವು. ಒಂದನ್ನು ಶುಂಠಿ ಮಡಿ ಇದ್ದ ಜಾಗದಲ್ಲಿ, ಇನ್ನೊಂದನ್ನು ಕಾಲುವೆ ಇದ್ದ ಜಾಗದಲ್ಲಿ ಕೆಸರಿಗೆ ಅರ್ಧ ಅಡಿ ಒತ್ತಿ ಕೂರಿಸಿದೆವು. ಪಕ್ಕದಲ್ಲೇ ತಳ ಇರೋ ಒಂದು ಬಕೆಟ್‌ನಲ್ಲೂ ನೀರು ತುಂಬಿ ಇಟ್ಟೆವು. ಗದ್ದೆಯ ಮಧ್ಯೆ ಒಂದು ಗೂಟಕ್ಕೆ ಸ್ಕೇಲ್ ಕಟ್ಟಿ, ನೀರಿನ ಬಾಯಿ ಮುಚ್ಚಿಬಿಟ್ಟೆವು.

ಇದರ ಲೆಕ್ಕ ಹೀಗೆ. ಬಕೆಟ್‌ನಲ್ಲಿ ಇಳಿದದ್ದು ಬಿಸಿಲಿಗೆ ಆರಿದ ನೀರು ಮಾತ್ರ. ಬಳೆಯೊಳಗೆ ಇಳಿದದ್ದು ಆರಿದ್ದು ಮತ್ತು ತಳಕ್ಕೆ ಇಂಗಿದ್ದು. ಹೊರಗೆ ಗದ್ದೆಯಲ್ಲಿ ಇಳಿದದ್ದರಲ್ಲಿ ಇವೆರಡರ ಜೊತೆ ಬದುವಿನಿಂದ ಸೋರಿದ್ದೂ ಸೇರುತ್ತದೆ. ಒಂದರಿಂದ ಒಂದನ್ನು ಕಳೆದರೆ ಕಳ್ಳ ಯಾರು ಅಂತ ಗೊತ್ತಾಗುತ್ತೆ.

ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬಕೆಟ್ಟಿನಲ್ಲಿ 3 ಮಿ.ಮೀ., ಹಳೆ ಮಡಿಯ ಬಳೆಯಲ್ಲಿ 6 ಮಿ.ಮೀ., ಕಾಲುವೆ ಜಾಗದ ಬಳೆಯಲ್ಲಿ 31 ಮಿ.ಮೀ., ಗದ್ದೆಯ ಸ್ಕೇಲಿನಲ್ಲಿ 74 ಮಿ.ಮೀ. ಇಳಿದಿತ್ತು. ಕಾಲುವೆಗಳು ಗದ್ದೆಯ ಮೂರನೇ ಒಂದು ಪಾಲು ಜಾಗ ಹಿಡಿದಿದ್ದವು. ಆ ಲೆಕ್ಕದಲ್ಲಿ ಆರಿದ್ದು, ಇಂಗಿದ್ದು ಎಲ್ಲ ಸೇರಿ ಸರಾಸರಿ 14 ಮಿ.ಮೀ. ಉಳಿದ 60 ಮಿ.ಮೀ. ಬದುವಿನಲ್ಲೇ ಹೋಗಿತ್ತು! ಹತ್ತು ಗುಂಟೆಯಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಹೆಚ್ಚುಕಡಿಮೆ 1000 ಲೀಟರ್. ಹಗಲೊಂದರಲ್ಲಿ 60,000 ಲೀಟರ್ ಬದುವಿನಿಂದ ಹಳ್ಳಕ್ಕೆ ಸೋರಿದ ಹಾಗಾಯಿತು. ನೋಡಿದವರೆಲ್ಲ ತಳದ ಬಗ್ಗೆಯೇ ಮಾತಾಡುತ್ತಿದ್ದರು. ಐದರಲ್ಲಿ ನಾಲ್ಕು ಪಾಲು ತೊಂದರೆ ಅಂಚಿನಲ್ಲಿತ್ತು. ಈ ಅಳತೆ ಮಾಡದೆ ಯಾರೂ ಖರ್ಚಿಗೆ ಇಳಿಯಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ತಳದ ಕೆಲಸ

ತಳವನ್ನು ಬಿಡೋ ಹಾಗೂ ಇರಲಿಲ್ಲ. ಮಣ್ಣು ಹದವಾಗಿ ಒದ್ದೆ ಇರಬೇಕಾದ್ದರಿಂದ ಭರಣಿ ಮಳೆಗೆ ಕಾದೆವು. ಏಪ್ರಿಲ್ ಕೊನೆಗೆ ಎರಡು ಒಳ್ಳೆ ಮಳೆ ಬಿತ್ತು, ಶುರು ಮಾಡಿದೆವು.

ಜೆಸಿಬಿ ತಂದರೆ ಒಂದೆರಡು ಗಂಟೆ ಕೆಲಸ ಅಂದವರಿದ್ದಾರೆ. ಅದು ಮಾಡೋದು ಇಷ್ಟೇ: ಮೇಲಿನ ಕಪ್ಪು ಮಣ್ಣನ್ನೇ ತಳ್ಳಿ ಕಾಲುವೆ ತುಂಬುತ್ತದೆ. ಸಾರ ಇರೋ ಮಣ್ಣು ಎರಡಡಿ ಕೆಳಗೆ ಹೋಗುತ್ತೆ. ತುಂಬಿದ್ದು ಸಡಿಲವಾಗಿರೋದರಿಂದ ಮೊದಲ ಮಳೆಗೇ ಕುಸಿಯುತ್ತೆ. ಪ್ಲಾಸ್ಟಿಕ್ ಶೀಟ್ ಹಾಸಿ ಅಂತಲೂ ಒಬ್ಬರು ಹೇಳಿದರು. ಟಿಲ್ಲರ್ ಹರಿಯುತ್ತೆ, ಏಡಿ ತೂತು ಮಾಡುತ್ತೆ, ಅದು ಒಂದು ಮಾತು. ಇನ್ನೊಂದು ಮಾತೂ ಇದೆ. ಗದ್ದೆಯ ತಳ ಪೂರ್ತಿ ಮುಚ್ಚಿರಬಾರದು. ದಿನಕ್ಕೆ ಕೆಲವು ಮಿಲಿಮೀಟರ್ ಇಂಗಬೇಕು. ಗಾಳಿ ಇಲ್ಲದ ಕೆಸರಿನಲ್ಲಿ ಹುಟ್ಟೋ ಕೆಟ್ಟ ಅಂಶಗಳು ಆ ನೀರಿನ ಜೊತೆ ಇಳಿದು ಹೋಗುತ್ತವೆ, ಇಲ್ಲದಿದ್ದರೆ ಬೇರು ಕಪ್ಪಾಗುತ್ತೆ.

ನಾವು ಮಾಡಿದ್ದು ಕೈಕೆಲಸ. ಕಾಲುವೆಯ ಎರಡೂ ಬದಿ ಒಂದೊಂದು ಅಡಿ ಮೇಲ್ಮಣ್ಣನ್ನು ಕೆರೆದು ಬೇರೆ ರಾಶಿ ಹಾಕಿದೆವು. ಕಾಲುವೆಯೊಳಗಿನ ಸಡಿಲ ಮಣ್ಣು, ಕೊಳೆತ ಶುಂಠಿ ಬುಡ, ಮಲ್ಚಿಂಗ್ ಶೀಟಿನ ಚೂರು ಎಲ್ಲ ತೆಗೆದೆವು. ಹಳೆ ಗಟ್ಟಿ ಪದರ ಎರಡೂ ಗೋಡೆಯಲ್ಲಿ ಬೂದು ಬಣ್ಣದ ಪಟ್ಟಿಯಾಗಿ ಚೆನ್ನಾಗಿ ಕಾಣುತ್ತಿತ್ತು. ಆ ಪಟ್ಟಿಯ ಹತ್ತಿರ ಗೋಡೆಯನ್ನು ನೆಟ್ಟಗೆ ಬಿಡದೆ ಅರ್ಧ ಅಡಿ ಅಗಲದ ಮೆಟ್ಟಿಲು ಕಡಿದೆವು. ಹೊಸ ಮಣ್ಣು ಹಳೆ ಮಣ್ಣಿಗೆ ಕಚ್ಚಿಕೊಳ್ಳಬೇಕಲ್ವಾ, ಅದಕ್ಕೆ.

ತುಂಬೋಕೆ ಹಳ್ಳದ ದಂಡೆಯ ಜೇಡಿಮಣ್ಣು ತಂದೆವು. ಜೇಡಿ ಹೌದೋ ಅಲ್ಲವೋ ಅಂತ ಕೈಯಲ್ಲೇ ನೋಡಬಹುದು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದು ಪೆನ್ಸಿಲ್ ದಪ್ಪದ ಬತ್ತಿ ಮಾಡಿ, ಅದನ್ನು ಉಂಗುರವಾಗಿ ಬಗ್ಗಿಸಬೇಕು. ಬಿರುಕು ಬಿಡದೆ ಬಗ್ಗಿದರೆ ಜೇಡಿ. ಮುರಿದರೆ ಮರಳು ಜಾಸ್ತಿ. ನಾಲ್ಕು ಇಂಚು ಹಾಕೋದು, ಮರದ ದಮ್ಮಸಿನಲ್ಲಿ ಬಡಿಯೋದು, ಮತ್ತೆ ನಾಲ್ಕು ಇಂಚು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು, ಆ ಹದ. ಒಣಗಿದ್ದರೆ ಹೆಂಟೆ ಹೆಂಟೆಯಾಗಿ ನಡುವೆ ಗಾಳಿ ಉಳಿಯುತ್ತೆ. ಜಾಸ್ತಿ ಒದ್ದೆ ಇದ್ದರೆ ದಮ್ಮಸಿಗೆ ಅಂಟಿಕೊಂಡು ಏಳುತ್ತೆ. ಹಳೆ ಗಟ್ಟಿ ಪದರದ ಮಟ್ಟಕ್ಕೆ ಬಂದ ಮೇಲೆ ಜೇಡಿ ನಿಲ್ಲಿಸಿ, ತೆಗೆದಿಟ್ಟ ಮೇಲ್ಮಣ್ಣನ್ನು ವಾಪಸ್ ಹಾಕಿದೆವು. ಇಡೀ ಕೆಲಸದಲ್ಲಿ ಬೆವರು ಜಾಸ್ತಿ ಹರಿದದ್ದು ಇಲ್ಲೇ.

ಬದು, ಏಡಿ, ತೂಬು

ಬದುವಿನ ತೂತು ಹುಡುಕೋಕೆ ಭತ್ತದ ಹೊಟ್ಟು ಸಾಕು. ಗಾಳಿ ಇಲ್ಲದ ಹೊತ್ತಲ್ಲಿ ಬದುವಿನ ಒಳಗಡೆ ನೀರಿನ ಮೇಲೆ ಒಂದು ಹಿಡಿ ಹೊಟ್ಟು ಚೆಲ್ಲಿ ಸುಮ್ನೆ ಕೂತು ನೋಡಬೇಕು. ತೂತು ಇದ್ದ ಕಡೆಗೆ ಹೊಟ್ಟು ನಿಧಾನವಾಗಿ ಸರಿಯುತ್ತೆ. ಬಾಯಿ ಮೇಲ್ಮಟ್ಟದಲ್ಲೇ ಇದ್ದರೆ ಅಲ್ಲೇ ಒಂದು ಸುತ್ತು ಹೊಡೆದು ಒಳಗೆ ಹೋಗುತ್ತೆ. ಅಲ್ಲಿ ಕಡ್ಡಿ ನೆಟ್ಟು ಮುಂದೆ ಹೋಗೋದು. ಸೆಪ್ಟೆಂಬರ್‌ನಲ್ಲಿ ಅಳತೆ ಮಾಡಿದಾಗಲೇ ಹೀಗೆ ಗುರುತು ಹಾಕಿ ಗೂಟ ಹೊಡೆದಿದ್ದೆವು. ಮೇ ತಿಂಗಳಲ್ಲಿ ಆ ಗೂಟಗಳ ಹತ್ತಿರವೇ ಅಗೆದೆವು.

ಏಡಿ ಬಿಲದ ಬಾಯಿಗೆ ಮಣ್ಣು ತುರುಕಿದರೆ ಏನೂ ಪ್ರಯೋಜನ ಇಲ್ಲ. ಬಿಲ ಒಂದೆರಡು ಅಡಿ ಒಳಗೆ ಹೋಗಿ ತಿರುಗಿರುತ್ತದೆ, ಏಡಿ ಪಕ್ಕದಲ್ಲೇ ಇನ್ನೊಂದು ಬಾಯಿ ತೆಗೆಯುತ್ತೆ. ಬದುವನ್ನು ಅಲ್ಲಿ ಅಡ್ಡ ಕಡಿದು, ಬಿಲದ ಕೊನೆ ಸಿಗೋವರೆಗೂ ಬಿಡಿಸಿ, ಜೇಡಿ ಹಾಕಿ ದಮ್ಮಸು ಹೊಡೆಯಬೇಕು. ಶುಂಠಿಯವರು ಕಡಿದ ಮೂರು ಜಾಗವನ್ನೂ ಹಾಗೇ ಬಿಚ್ಚಿ ಕಟ್ಟಿದೆವು. ಬುಡ ಎರಡಡಿ, ನೆತ್ತಿ ಒಂದಡಿ, ಎತ್ತರ ಒಂದಡಿ. ಒಳಮೈ ಕೆತ್ತಿ, ಗದ್ದೆಗೆ ನೀರು ಬಂದ ಮೇಲೆ ಅದೇ ಗದ್ದೆಯ ಕೆಸರನ್ನು ಗುದ್ದಲಿಯಲ್ಲಿ ಎತ್ತಿ ಮೆತ್ತಿದೆವು. ಹೊರಮೈಯ ಹುಲ್ಲನ್ನು ಮುಟ್ಟಲಿಲ್ಲ. ಮಳೆ ಹೊಡೆತಕ್ಕೆ ಬದು ನಿಲ್ಲೋದು ಆ ಹುಲ್ಲಿನ ಬೇರಿನಿಂದ.

ನೀರು ಹೊರಗೆ ಬಿಡೋಕೆ ಬದುವನ್ನು ಕಡಿದು ಕಟ್ಟೋದನ್ನು ಬಿಟ್ಟು, ನಾಲ್ಕು ಇಂಚಿನ ಪಿವಿಸಿ ಪೈಪ್ ಇಟ್ಟೆವು. ಪೈಪನ್ನು ಗದ್ದೆಯ ಮಟ್ಟಕ್ಕೆ ಬದುವಿನಡಿ ಹಾಯಿಸಿ, ಒಳಬಾಯಿಗೆ ಒಂದು ಎಲ್ಬೋ (ಮೊಣಕೈ ಹಾಗೆ ಬಗ್ಗಿದ ಜೋಡಣೆ), ಅದಕ್ಕೆ ಅರ್ಧ ಅಡಿ ತುಂಡು. ಎಲ್ಬೋಗೆ ಗಮ್ ಹಚ್ಚಿಲ್ಲ. ತುಂಡನ್ನು ನೆಟ್ಟಗೆ ನಿಲ್ಲಿಸಿದರೆ ನೀರು ತುಂಬಾ ನಿಲ್ಲುತ್ತೆ, ವಾಲಿಸಿದಷ್ಟೂ ಮಟ್ಟ ಇಳಿಯುತ್ತೆ, ಪೂರ್ತಿ ಮಲಗಿಸಿದರೆ ಗದ್ದೆ ಬಸಿಯುತ್ತೆ. ನೀರಿನ ಎತ್ತರ ಕೈಯಲ್ಲೇ ಬಂದಂತಾಯಿತು. ಪೈಪಿನ ಹೊರಮೈ ಹಿಡಿದು ನೀರು ಸೋರದಂತೆ, ಬದುವಿನ ಮಧ್ಯಭಾಗದಲ್ಲಿ ಪೈಪಿನ ಸುತ್ತ ಒಂದಡಿ ಅಗಲದ ಸಿಮೆಂಟ್ ಬಿಲ್ಲೆ ಕಟ್ಟಿದೆವು. ನೀರು ಬೀಳೋ ಕಡೆ ಚಪ್ಪಡಿ ಕಲ್ಲು.

ಆದರೆ ನಮ್ಮ ಮಳೆಗೆ ಪೈಪ್ ಒಂದೇ ಸಾಲದು. ದಿನಕ್ಕೆ 100 ಮಿ.ಮೀ. ಮಳೆ ಸಕಲೇಶಪುರದ ಕಡೆ ಜುಲೈನಲ್ಲಿ ಹೊಸದೇನಲ್ಲ. ಹತ್ತು ಗುಂಟೆ ಮೇಲೆ ಅಷ್ಟು ಬಿದ್ದರೆ 1 ಲಕ್ಷ ಲೀಟರ್, ಮೇಲಿನ ತೋಟದಿಂದ ಹರಿದು ಬರೋದು ಬೇರೆ. ಅದಕ್ಕೆ ಬದುವಿನ ಒಂದು ಕಡೆ ಮೂರಡಿ ಅಗಲಕ್ಕೆ ನೆತ್ತಿ ತಗ್ಗಿಸಿ, ಕಲ್ಲು ಹಾಸಿ ಕಂಡಿ ಮಾಡಿದೆವು. ಗದ್ದೆಯ ಮಟ್ಟಕ್ಕಿಂತ ಎಂಟು ಇಂಚು ಎತ್ತರಕ್ಕೆ ನೀರು ಬಂದರೆ ತಾನೇ ದಾಟುತ್ತೆ. ಬದು ಒಡೆಯೋದು ಸೋರಿಕೆಯಿಂದಷ್ಟೇ ಅಲ್ಲ, ಮೇಲೆ ಹರಿದಾಗ ಜಾಸ್ತಿ.

ತೋಟದ ಬುಡದ ಕೆಂಪು ನೀರು

ಇಳಿಜಾರಿನ ಬುಡದ ಮೂಲೆಯಲ್ಲಿ ಜಲ ಒಸರುತ್ತೆ. ಅಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಪೊರೆ, ಕೆಳಗೆ ಕೆಂಪು ಕೆಸರು. ಕಡ್ಡಿಯಿಂದ ಪೊರೆ ಮುಟ್ಟಿದರೆ ಹಪ್ಪಳದ ಹಾಗೆ ಚೂರು ಚೂರಾಗುತ್ತದೆ. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣ. ನಮ್ಮ ಕೆಂಪು ಮಣ್ಣಿನ ಗುಡ್ಡದಿಂದ ಬಸಿದ ನೀರಿನಲ್ಲಿ ಕಬ್ಬಿಣ ಕರಗಿ ಬರುತ್ತೆ, ಗಾಳಿ ಇಲ್ಲದ ಕೆಸರಲ್ಲಿ ಇನ್ನೂ ಜಾಸ್ತಿ ಕರಗುತ್ತೆ. ಅಂಥ ಕಡೆ ಭತ್ತದ ಕೆಳಗಿನ ಎಲೆಯ ತುದಿಯಿಂದ ಕಂದು ಚುಕ್ಕೆ ಶುರುವಾಗಿ ಎಲೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ಔಷಧಿಯಿಂದ ಹೋಗೋದಲ್ಲ. ಗುಡ್ಡದ ಬುಡಕ್ಕೆ ಒಂದೂವರೆ ಅಡಿಯ ಬಸಿಗಾಲುವೆ ತೋಡಿ, ಆ ನೀರು ಗದ್ದೆಗೆ ಇಳಿಯದೆ ಪಕ್ಕದಲ್ಲೇ ಹಳ್ಳ ಸೇರುವಂತೆ ಮಾಡಿದೆವು.

ಇದರಿಂದ ಇನ್ನೊಂದು ಅನುಕೂಲ. ಜಲದ ನೀರು ತಣ್ಣಗಿರುತ್ತೆ. ತಣ್ಣೀರು ಬೀಳೋ ಜಾಗದ ಪೈರು ತಡವಾಗಿ ತೆನೆ ಬಿಡುತ್ತೆ, ಜೊಳ್ಳೂ ಜಾಸ್ತಿ.

ಮಣ್ಣಿನ ಪರೀಕ್ಷೆಯನ್ನು ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಾಡಿಸಿದೆವು. ಹುಳಿ ಮಣ್ಣು, ಪಿಎಚ್ 5.2. ಶುಂಠಿಗೆ ಸುರಿದ ಗೊಬ್ಬರದ ರಂಜಕ ಬೇಕಾದಷ್ಟು ಉಳಿದಿತ್ತು. ಸುಣ್ಣ ಸುರಿಯೋ ಅಗತ್ಯ ಕಾಣಲಿಲ್ಲ. ಹುಳಿ ಮಣ್ಣಿಗೆ ಕೆಲವು ವಾರ ನೀರು ನಿಂತರೆ ಪಿಎಚ್ ತಾನೇ 6.5ರ ಆಸುಪಾಸಿಗೆ ಏರುತ್ತೆ. ಒಣ ಬೆಳೆಗೆ ಬೇಕಾದಷ್ಟು ಸುಣ್ಣ ಭತ್ತಕ್ಕೆ ಬೇಡ.

ಬೀಜದಿಂದ ನಾಟಿಗೆ

ತಳಿ ಇಂಟಾನ್. ಮಲೆನಾಡು, ಕೊಡಗಿನಲ್ಲಿ ಹಿಂದಿನಿಂದಲೂ ಬೆಳೆಯೋ ದೀರ್ಘಾವಧಿ ತಳಿ. ಅರಕಲಗೂಡು ಕಡೆಯ ರಾಜಮುಡಿ ಊಟಕ್ಕೆ ನನಗೆ ಬಲು ಇಷ್ಟ. ಆದರೆ ಅದು ಎತ್ತರದ ಪೈರು, ನಮ್ಮ ಗಾಳಿಮಳೆಗೆ ಮಲಗಿಬಿಡುತ್ತೆ ಅನ್ನೋ ಭಯ.

ಇಲ್ಲಿ ದಿನದ ಲೆಕ್ಕ ಮುಖ್ಯ. ಯಾವ ಭತ್ತವೇ ಆಗಲಿ, ಹೂ ಬಿಟ್ಟ ಮೇಲೆ ಕಾಳು ಬಲಿಯೋಕೆ ಸುಮಾರು 30 ದಿನ. ಕಾಂಡದೊಳಗೆ ತೆನೆಯ ಮೊಳಕೆ ಹುಟ್ಟಿ ಹೂ ಬಿಡೋಕೆ ಸುಮಾರು 35 ದಿನ. ಮೂರೂವರೆ ತಿಂಗಳ ತಳಿಗೂ ಐದು ತಿಂಗಳ ತಳಿಗೂ ವ್ಯತ್ಯಾಸ ಇರೋದು ಮೊದಲ ಹಂತದಲ್ಲಿ, ಅಂದರೆ ತೆಂಡೆ (ಬುಡದಿಂದ ಬರೋ ಮರಿ ಕಾಂಡ) ಒಡೆದು ಬೆಳೆಯೋ ಕಾಲದಲ್ಲಿ. ಹೂ ಬಿಡೋಕೆ ಹತ್ತು ಹನ್ನೆರಡು ದಿನ ಮುಂಚೆ, ಹೊಡೆ ತುಂಬುವಾಗ (ತೆನೆ ಇನ್ನೂ ಕಾಂಡದೊಳಗೇ ಉಬ್ಬುವಾಗ), ರಾತ್ರಿಯ ಚಳಿ ತಳಿಗೆ ತಕ್ಕಂತೆ 15–20 ಡಿಗ್ರಿಗಿಂತ ಕೆಳಗೆ ತುಂಬಾ ದಿನ ಇದ್ದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತೆ. ನಮ್ಮಲ್ಲಿ ಅಕ್ಟೋಬರ್ ಕಳೆಯುತ್ತಿದ್ದ ಹಾಗೆ ಚಳಿ ಏರುತ್ತೆ. ಅಕ್ಟೋಬರ್ ಮೊದಲಿಗೆ ಹೂ ಬರಬೇಕು ಅಂದರೆ ಜೂನ್ ಮೊದಲಲ್ಲೇ ಒಟ್ಲು (ಸಸಿಮಡಿ) ಹಾಕಬೇಕು. ‘ಮಳೆ ಚೆನ್ನಾಗಿ ಹಿಡೀಲಿ, ಆಮೇಲೆ ನೋಡೋಣ’ ಅಂತ ಒಂದು ತಿಂಗಳು ತಳ್ಳಿದರೆ ಐದು ತಿಂಗಳ ಭತ್ತ ಚಳಿಯ ಬಾಯಿಗೆ ಸಿಗುತ್ತೆ.

ಹತ್ತು ಗುಂಟೆಗೆ 6 ಕೆಜಿ ಬೀಜ, ಒಂದು ಗುಂಟೆ ಒಟ್ಲು. ನೀರಿಗೆ ಉಪ್ಪು ಹಾಕುತ್ತಾ ಹೋಗಿ ಕೋಳಿಮೊಟ್ಟೆ ತೇಲಿದಾಗ ನಿಲ್ಲಿಸಿ ಬೀಜ ಸುರಿದೆವು. ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಒಳ್ಳೆ ನೀರಲ್ಲಿ ಎರಡು ಸಲ ತೊಳೆದು, ಒಂದು ದಿನ ನೆನೆಸಿ ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ ಚೆಲ್ಲಿದೆವು.

ಜುಲೈ ಮೊದಲಲ್ಲಿ ಟಿಲ್ಲರ್‌ಗೆ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಕೆಸರು ಹೊಡೆಸಿದೆವು. ನೀರು ಎರಡೇ ಇಂಚು ಇರಲಿ ಅಂತ ಟಿಲ್ಲರ್ ಅಣ್ಣನಿಗೆ ಮೊದಲೇ ಹೇಳಿದ್ದೆ. ನೀರು ಜಾಸ್ತಿ ಇದ್ದರೆ ಚಕ್ರ ನೀರನ್ನೇ ಕಡೆಯುತ್ತೆ, ಮಣ್ಣು ನುಣ್ಣಗಾಗಲ್ಲ. ಕೆಸರು ಹೊಡೆಯೋದರ ಉದ್ದೇಶವೇ ಜೇಡಿಯ ಕಣಗಳನ್ನು ಬಿಡಿಸಿ, ಅವು ಕೆಳಗೆ ಕೂತು ಮಣ್ಣಿನ ಸಣ್ಣ ಸಂದುಗಳನ್ನು ಮುಚ್ಚುವಂತೆ ಮಾಡೋದು. ಹೊಸದಾಗಿ ತುಂಬಿದ ಕಾಲುವೆ ಸಾಲಿನ ಮೇಲೆ ಎರಡು ಸಲ ಹೆಚ್ಚಿಗೆ ಓಡಿಸಿದೆವು. ಹಲಗೆ ಎಳೆದು ಮಟ್ಟ ಮಾಡಿ, ಎರಡು ದಿನ ಕೂರಲು ಬಿಟ್ಟೆವು. ಹಲಗೆ ಎಳೆದ ಮೇಲೂ ನೀರಿನಿಂದ ತಲೆ ಎತ್ತಿದ ದಿಬ್ಬಗಳಿದ್ದರೆ ಕೈಯಲ್ಲೇ ಎಳೆದು ಸರಿ ಮಾಡಬೇಕು. ದಿಬ್ಬದಲ್ಲಿ ಕಳೆ ಏಳುತ್ತೆ, ತಗ್ಗಿನಲ್ಲಿ ಸಸಿ ಮುಳುಗುತ್ತೆ.

ಮಳೆ ಬಿಟ್ಟ ಒಂದು ದಿನ ಮತ್ತೆ ಬಕೆಟ್, ಬಳೆ, ಸ್ಕೇಲ್ ಇಟ್ಟು ಅಳೆದೆ. ಇಡೀ 24 ಗಂಟೆಗೆ ಗದ್ದೆಯ ನೀರು ಇಳಿದದ್ದು 11 ಮಿ.ಮೀ., ಅದರಲ್ಲಿ ಆರಿದ್ದೇ 4. ದೊಡ್ಡಪ್ಪ ಸ್ಕೇಲನ್ನು ಬಗ್ಗಿ ಬಗ್ಗಿ ನೋಡಿ, ‘ಈಗ ಇದು ಗದ್ದೆ’ ಅಂದರು. ನನಗೆ ಆದ ಸಂತೋಷ ಹೇಳತೀರದು.

ಪುನರ್ವಸು ಮಳೆಯಲ್ಲಿ ನಾಟಿ. ಕೂಲಿಗೆ ಜನ ಸಿಗೋದು ಕಷ್ಟ, ಮುಯ್ಯಾಳು (ಕೆಲಸಕ್ಕೆ ಕೆಲಸ) ಲೆಕ್ಕದಲ್ಲಿ ಅಕ್ಕಪಕ್ಕದ ಮನೆಯವರು ಬಂದರು. ಬುಡಕ್ಕೆ ಎರಡು ಮೂರು ಸಸಿ, ಒಂದು ಇಂಚು ಆಳ. ‘ಆಳಕ್ಕೆ ಒತ್ತಬೇಡ್ರೇ, ತೆಂಡೆ ಒಡೆಯಲ್ಲ’ ಅಂತ ಅತ್ತೆ ಒಬ್ಬರು ಸಾಲುದ್ದಕ್ಕೂ ಹೇಳುತ್ತಲೇ ಇದ್ದರು. ಸಸಿ ಕಚ್ಚೋವರೆಗೆ ಒಂದಿಂಚು ನೀರು, ಆಮೇಲೆ ಎರಡು ಇಂಚು. ಎಲ್ಬೋ ಪೈಪ್ ಇಲ್ಲಿ ತುಂಬಾ ಕೆಲಸಕ್ಕೆ ಬಂತು.

ಬೆಳೆ ತೋರಿಸಿದ್ದು

ಆಗಸ್ಟ್‌ನಲ್ಲಿ ಬದುವಿನ ಮೇಲೆ ನಿಂತರೆ ಹಳೆ ಕಾಲುವೆಗಳ ಸಾಲು ಕಡು ಹಸಿರು ಗೆರೆಗಳಾಗಿ ಕಾಣುತ್ತಿತ್ತು. ಕೆದಕಿದ ಮೇಲ್ಮಣ್ಣು ಅಲ್ಲಿ ಆಳ, ಸಾರಜನಕ ಜಾಸ್ತಿ. ನೋಡೋಕೆ ಚೆಂದ, ಆದರೆ ಬೆಂಕಿ ರೋಗ ಮೊದಲು ಹುಡುಕೋದು ಇಂಥ ಸೊಂಪಾದ ಪೈರನ್ನೇ. ಮೋಡ, ಜಡಿಮಳೆ, ಎಲೆ ಮೇಲೆ ಸದಾ ತೇವ, ಮಲೆನಾಡಿನ ಹವೆಯೇ ಅದಕ್ಕೆ ಅನುಕೂಲ. ಸೆಪ್ಟೆಂಬರ್‌ನಲ್ಲಿ ಆ ಗೆರೆಗಳಲ್ಲೇ ಮೊದಲ ಚುಕ್ಕೆ ಕಂಡವು. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಎರಡನೇ ಕಂತಿನ ಯೂರಿಯಾವನ್ನು ಆ ಸಾಲುಗಳಿಗೆ ಹಾಕದೆ ಬಿಟ್ಟೆವು, ಉಳಿದ ಕಡೆಯೂ ಅರ್ಧವೇ. ಹಾಕುವಾಗ ಪೈಪ್ ಮಲಗಿಸಿ ನೀರು ಬಸಿದು, ಹಾಕಿ ಒಂದು ದಿನ ಬಿಟ್ಟು ನೀರು ಕಟ್ಟಿದೆವು. ನಿಂತ ನೀರಿಗೆ ಎರಚಿದರೆ ಅರ್ಧಕ್ಕರ್ಧ ಗಾಳಿಗೆ, ಹಳ್ಳಕ್ಕೆ. ರೋಗ ಎಲೆಯಲ್ಲೇ ನಿಂತಿತು, ತೆನೆಯ ಕುತ್ತಿಗೆಗೆ ಹತ್ತಲಿಲ್ಲ.

ಕೆಂಪು ನೀರಿನ ಮೂಲೆಯಲ್ಲಿ ತಾಮ್ರದ ಬಣ್ಣ ಬಹಳ ಕಡಿಮೆ. ಅಲ್ಲೊಂದು ಕೋಣೆಯಷ್ಟು ಜಾಗದಲ್ಲಿ ಜೊಳ್ಳು ಬಂತು. ಬಸಿಗಾಲುವೆಯನ್ನು ಇನ್ನೂ ಅರ್ಧ ಅಡಿ ಇಳಿಸಬೇಕು.

ಕೊಯ್ಲಿಗೆ ಎರಡು ವಾರ ಮುಂಚೆ ಪೈಪ್ ಪೂರ್ತಿ ಮಲಗಿಸಿ ಗದ್ದೆ ಒಣಗಿಸಿದೆವು. ಆನೆ ಆ ಹೊತ್ತಿಗೆ ಆಚೆ ಊರಿನ ಗದ್ದೆಗಳಲ್ಲಿ ಓಡಾಡುತ್ತಿತ್ತು, ನಮ್ಮ ಕಡೆ ಇಳಿಯಲಿಲ್ಲ. ಒಣಗಿಸಿ ತೂರಿದ ಭತ್ತ ನಾಲ್ಕೂವರೆ ಕ್ವಿಂಟಾಲ್, ಎಕರೆಗೆ 18ರ ಲೆಕ್ಕ. ಮಲೆನಾಡಿನ ಗದ್ದೆಗೆ ಇದು ತೃಪ್ತಿಯ ಬೆಳೆ.

ಕೊಯ್ಲಾದ ಮೇಲೆ ಒಂದು ಕೆಲಸ ಮರೆಯಬಾರದು. ಬೇಸಿಗೆಯಲ್ಲಿ ಜೇಡಿ ಗದ್ದೆ ಒಣಗಿ ಬಿರಿಯುತ್ತೆ, ಬಿರುಕು ಗಟ್ಟಿ ಪದರವನ್ನೂ ಸೀಳಿಕೊಂಡು ಇಳಿಯುತ್ತೆ. ಹಾಗಾದರೆ ಮುಂದಿನ ಮಳೆಯ ನೀರು ನೇರ ಅದರಲ್ಲಿ ಹೋಗುತ್ತದೆ. ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ನಾಲ್ಕೇ ಇಂಚು ಆಳಕ್ಕೆ ತೆಳುವಾಗಿ ಉಳುಮೆ ಮಾಡಿಸಿದೆವು. ಮೇಲಿನ ಪುಡಿಮಣ್ಣು ಹೊದಿಕೆಯಾಗಿ ಕೆಳಗಿನ ಪಸೆ ಉಳಿಯುತ್ತೆ. ತುಂಬಿದ ಕಾಲುವೆಗಳ ಸಾಲು ಒಂದೂವರೆ ಇಂಚಿನಷ್ಟು ಕುಸಿದಿದೆ. ಭರಣಿ ಮಳೆ ಬಿದ್ದ ಕೂಡಲೇ ಅಲ್ಲಿಗೆ ಮೇಲ್ಮಣ್ಣು ಎಳೆದು, ಏಡಿ ಬಿಲಕ್ಕೆ ಬದುವನ್ನು ಮತ್ತೊಮ್ಮೆ ನೋಡಿಕೊಂಡು, ಕೆಳಗಿನ ಐದು ಗುಂಟೆ ಮಡಿಗೂ ಇದೇ ಕ್ರಮದಲ್ಲಿ ಕೈ ಹಾಕುತ್ತೇವೆ. ಅದು ಮೇಲಿನ ಗದ್ದೆಯ ನೀರನ್ನೂ ಹೊರಬೇಕಾದ್ದರಿಂದ ಅಲ್ಲಿಗೆ ಆರು ಇಂಚಿನ ಪೈಪ್.